ಮಗಳು ಪಾಠ ಗಡಗಡ ಒಪ್ಪಿಸುತ್ತಾಳೆ, ಪದ ಮುಟ್ಟಿ ಕೇಳಿದರೆ ಬರುವುದಿಲ್ಲ. ಮನೆಯಲ್ಲಿ ನಾನು ಏನು ಮಾಡಲಿ?

ಆಲೂರಿನ ಅಮ್ಮ
ಸೋಮವಾರ, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಮಗಳು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ 2ನೇ ಕ್ಲಾಸ್. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ, ಪೂರ್ತಿ ಕನ್ನಡ ಮೀಡಿಯಂ. ಯಜಮಾನರು ಗೂಡ್ಸ್ ಆಟೊ ಓಡಿಸುತ್ತಾರೆ, ಮನೆಗೆ ಬರುವಾಗ ರಾತ್ರಿ ಒಂಬತ್ತಾಗುತ್ತದೆ. ಎರಡು ಹಸು ಇವೆ. ಸಂಜೆ ಹಾಲು ಕರೆದು, ಡೈರಿಗೆ ಹಾಕಿ ಬಂದು, ಅನ್ನಕ್ಕೆ ಇಟ್ಟು, ಏಳು ಗಂಟೆಗೆ ಮಗಳನ್ನು ಓದಲು ಕೂರಿಸುತ್ತೇನೆ.

ಚೆನ್ನಾಗಿ ಓದುತ್ತಾಳೆ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಹೋದ ವಾರ ನಾಯಿಯ ಪಾಠ ಓದುತ್ತಿದ್ದಳು. ಗಟ್ಟಿಯಾಗಿ, ಗಡಗಡ ಅಂತ. ಮಧ್ಯೆ ಬೆಕ್ಕು ಒಳಗೆ ಬಂತು. ಇವಳು ತಲೆ ತಿರುಗಿಸಿ ಬೆಕ್ಕನ್ನೇ ನೋಡುತ್ತಾ ಓದು ಮುಂದುವರಿಸಿದಳು. ಒಂದು ಪದವೂ ತಪ್ಪಲಿಲ್ಲ. ಆಗ ನನ್ನ ಎದೆ ಧಸಕ್ ಅಂತು. ಚಿತ್ರದ ಮೇಲೆ ಕೈ ಮುಚ್ಚಿ, 'ಅಂಡರ್' ಅನ್ನುವ ಪದದ ಮೇಲೆ ಬೆರಳಿಟ್ಟು ಇದೇನು ಅಂದೆ. 'ಟ್ರೀ' ಅಂದಳು. 'ದ' ಮೇಲೆ ಇಟ್ಟೆ. 'ಡಾಗ್' ಅಂದಳು. ಆಮೇಲೆ ನನ್ನ ಮುಖ ನೋಡಿ ಸುಮ್ಮನಾದಳು.

ಕನ್ನಡ ಪುಸ್ತಕ ತೆಗೆದೆ. ಅ ಆ ಇ ಈ ಪೂರ್ತಿ ಹೇಳುತ್ತಾಳೆ. 'ಮರ' ತೋರಿಸಿದರೆ 'ಮ', 'ರ' ಅಂತ ಬಿಡಿ ಬಿಡಿಯಾಗಿ ಹೇಳುತ್ತಾಳೆ. ಸೇರಿಸಿ ಹೇಳು ಅಂದರೆ 'ಮಂಗ' ಅಂದಳು.

ಸಿಟ್ಟು ತಡೆಯಲಾಗದೆ ಸ್ಕೇಲಿನಲ್ಲಿ ಕೈ ಮೇಲೆ ಕೊಟ್ಟೆ. ರಾತ್ರಿ ಅದೇ ಕೈಯನ್ನು ನನ್ನ ಹೊಟ್ಟೆ ಮೇಲೆ ಹಾಕಿಕೊಂಡು ನಿದ್ದೆ ಹೋದಳು. ನನಗೆ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ಕೇಳಿದರೆ 'ಮನೆಯಲ್ಲಿ ಓದಿಸಿ' ಅಂದರು. ಓದಿಸುವುದು ಅಂದರೆ ಏನು ಮಾಡಬೇಕು? ಇಂಗ್ಲಿಷ್ ಸರಿಯಾಗಿ ಬಾರದ ನನ್ನಂಥವಳು ಏನು ಮಾಡಬಹುದು, ದಯವಿಟ್ಟು ಹೇಳಿ.

ಬೇಲೂರು ರಸ್ತೆ
ಸೋಮವಾರ, ರಾತ್ರಿ 10.05

ನಮ್ಮ ಮನೆಯಲ್ಲೂ ಇದೇ ಕತೆ ಅಕ್ಕ. 3ನೇ ಕ್ಲಾಸ್ ಹುಡುಗ. ಉತ್ತರ ಏನಾದರೂ ಬಂದರೆ ನನಗೂ ಬೇಕು.

ಹೊಳೆನರಸೀಪುರದವನು
ಸೋಮವಾರ, ರಾತ್ರಿ 10.12

ಟ್ಯೂಷನ್‌ಗೆ ಹಾಕಿಬಿಡಿ. ಇಂಗ್ಲಿಷ್ ಬಾರದವರು ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಹೇಳಿಕೊಡಲು ಹೋದರೆ ತಪ್ಪು ತಪ್ಪೇ ಕಲಿಯುತ್ತಾರೆ. ಓದಿದವರ ಹತ್ತಿರ ಬಿಡುವುದು ಒಳ್ಳೆಯದು.

ಕಾಫಿ ಹೂ
ಸೋಮವಾರ, ರಾತ್ರಿ 10.31

ಮೂಡಿಗೆರೆ ಕಡೆಯವಳು ನಾನು. ಟ್ಯೂಷನ್ ಮಾತು ನಾನು ಒಪ್ಪುವುದಿಲ್ಲ. ದೊಡ್ಡ ಮಗನನ್ನು ಎರಡು ವರ್ಷ ಕಳಿಸಿದೆ. ಹದಿನೆಂಟು ಮಕ್ಕಳು ಒಂದೇ ಹಾಲ್‌ನಲ್ಲಿ. ಹೋಮ್‌ವರ್ಕ್ ಮುಗಿಸಿ ಕಳಿಸುತ್ತಿದ್ದರು, ನೋಟ್ ಪುಸ್ತಕ ಚೆಂದ ಕಾಣುತ್ತಿತ್ತು. ಬೋರ್ಡ್ ಮೇಲೆ ಬರೆದ ಉತ್ತರವನ್ನು ಚಿತ್ರ ಬರೆದ ಹಾಗೆ ನಕಲು ಮಾಡುತ್ತಿದ್ದ ಅಷ್ಟೇ. ಓದಲು ಬರುವುದಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದು 4ನೇ ಕ್ಲಾಸಿನಲ್ಲಿ. ನೀವು 2ರಲ್ಲೇ ಕಂಡುಹಿಡಿದಿದ್ದೀರಿ, ಅದು ಎಷ್ಟೋ ವಾಸಿ. ಏಳು ವರ್ಷದ ಮಗು ಬೆಳಿಗ್ಗೆ ಎಂಟಕ್ಕೆ ವ್ಯಾನ್ ಹತ್ತಿ, ಮತ್ತೆ ರಾತ್ರಿ ಎಂಟರವರೆಗೆ ಟ್ಯೂಷನ್‌ನಲ್ಲಿ ಕೂತರೆ ಅಮ್ಮನ ಜೊತೆ ಮಾತಾಡುವುದು ಯಾವಾಗ?

ಕಡೂರು ಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 6.20

ತಾಯಿ, ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಮೊದಲು ಒಂದು ಮಾತು. ಬೆಕ್ಕು ನೋಡುತ್ತಾ ಪಾಠ ಒಪ್ಪಿಸುವ ಮಗುವಿಗೆ ನೆನಪಿನ ಶಕ್ತಿ ಚೆನ್ನಾಗಿದೆ ಅಂತ ಅರ್ಥ. ದಡ್ಡಿ ಅಲ್ಲ. ಯಾರೋ ಹೇಳಿಕೊಟ್ಟಿದ್ದನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡಿದ್ದಾಳೆ. ಕಣ್ಣಿಗೂ ಕಿವಿಗೂ ಗಂಟು ಬಿದ್ದಿಲ್ಲ, ಅಷ್ಟೇ.

ನೀವು ಇಂಗ್ಲಿಷ್ ಪುಸ್ತಕವನ್ನು ಕೆಲವು ದಿನ ಪಕ್ಕಕ್ಕಿಡಿ. ಕನ್ನಡದಿಂದ ಶುರು ಮಾಡಿ. ಯಾಕೆ ಅಂದರೆ 'ಮರ' ಅಂದರೆ ಏನು ಅಂತ ಅವಳಿಗೆ ಗೊತ್ತು. ಮ, ರ ಸೇರಿಸಿ ಓದಿದ ತಕ್ಷಣ ಹಿತ್ತಲಿನ ಮರ ಕಣ್ಣಿಗೆ ಬರುತ್ತದೆ. 'ಅಂಡರ್' ಓದಿದರೂ ಅವಳ ಕಣ್ಣಿಗೆ ಏನೂ ಬರುವುದಿಲ್ಲ. ಅಕ್ಷರ ಕೂಡಿಸಿ ಓದುವ ಗುಟ್ಟು ಒಂದು ಭಾಷೆಯಲ್ಲಿ ಸಿಕ್ಕರೆ ಇನ್ನೊಂದಕ್ಕೂ ಅದೇ ಕೈ ಹಿಡಿಯುತ್ತದೆ. ಕನ್ನಡ ನಿಮಗೆ ಬರುತ್ತದೆ. ಹಾಗಾಗಿ ನಿಮಗಿಂತ ಒಳ್ಳೆಯ ಟೀಚರ್ ಈ ಕೆಲಸಕ್ಕೆ ಸಿಗುವುದಿಲ್ಲ.

ಎರಡನೆಯದು, ಅ ಆ ಇ ಈ ಚಾರ್ಟ್ ಬಿಡಿ. ಸರ್ಕಾರಿ ಶಾಲೆಗಳ ಚಿಕ್ಕ ಕ್ಲಾಸುಗಳಿಗೆ ನಲಿಯುತ್ತಾ ಕಲಿಸುವ ನಲಿಕಲಿ ಪದ್ಧತಿಯಲ್ಲಿ ನಾವು ಆ ಸಾಲಿನಿಂದ ಶುರು ಮಾಡುತ್ತಿರಲಿಲ್ಲ. ಮೊದಲು ರ ಗ ಸ ದ ಅ. ಆಮೇಲೆ ಜ ವ ಮ ಬ ನ. ಈ ಐದೈದು ಅಕ್ಷರ ಬಂದ ಕೂಡಲೇ ಮಗು ಪದ ಓದಬಹುದು. ರಸ, ಸರ, ದರ, ಅರಸ, ಅಗಸ, ಗರಗಸ. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಿಲ್ಲ. ಐದು ಚೀಟಿ ಮಾಡಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆಯಿರಿ. ಪಕ್ಕ ಪಕ್ಕ ಇಟ್ಟು ಬೆರಳನ್ನು ನಿಲ್ಲಿಸದೆ ಎಳೆಯಿರಿ. 'ಸ', 'ರ' ಅಂತ ಕಡಿದು ಹೇಳಬೇಡಿ. ಸsssರ ಅಂತ ಎಳೆದು ಹೇಳಿ. ಗರಗಸ ಓದಿದ ದಿನ ಮಕ್ಕಳ ಮುಖ ನೋಡಬೇಕು.

ಹದಿನೈದು ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಬೇಡ.

ಅರಸೀಕೆರೆ ತೆಂಗು
ಮಂಗಳವಾರ, ಬೆಳಿಗ್ಗೆ 7.02

ನಲಿಕಲಿ ಕೋವಿಡ್ ಆದಮೇಲೆ ಬಂದಿದ್ದಲ್ವಾ ಸಾರ್? ಮಕ್ಕಳು ಹಿಂದೆ ಬಿದ್ದರು ಅಂತ ಮಾಡಿದ್ದು?

ಕಡೂರು ಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 7.15

ಅಲ್ಲಪ್ಪ. 1995ರಲ್ಲಿ ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆ ನೋಡಿಕೊಂಡು ಬಂದು ಕಟ್ಟಿದ್ದು. 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಕೋವಿಡ್ ಸಮಯದಲ್ಲಿ, 2020ರಲ್ಲಿ, ಬಂದಿದ್ದು ವಿದ್ಯಾಗಮ. ಮರದ ಕೆಳಗೆ, ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡಿದೆವಲ್ಲ, ಅದು.

ಹಳೇಬೀಡು ಅಜ್ಜ
ಮಂಗಳವಾರ, ಬೆಳಿಗ್ಗೆ 8.40

ಒಂದೇಟು ಕೊಟ್ಟಿದ್ದಕ್ಕೆ ಇಷ್ಟು ಯೋಚನೆ ಯಾಕಮ್ಮ? ನಮ್ಮ ಮೇಷ್ಟ್ರು ಹುಣಸೆ ಬರಲಿನಲ್ಲಿ ಬಾರಿಸುತ್ತಿದ್ದರು. ಇಪ್ಪತ್ತರವರೆಗೆ ಮಗ್ಗಿ ಇವತ್ತಿಗೂ ಬಾಯಲ್ಲಿದೆ. ಭಯ ಇಲ್ಲದಿದ್ದರೆ ವಿದ್ಯೆ ಹತ್ತುವುದಿಲ್ಲ.

ಕಾಫಿ ಹೂ
ಮಂಗಳವಾರ, ಬೆಳಿಗ್ಗೆ 9.10

ತಾತ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನಿಮ್ಮ ಜೊತೆ 1ನೇ ಕ್ಲಾಸಿಗೆ ಸೇರಿದವರಲ್ಲಿ ಎಷ್ಟು ಜನ ಆ ಬರಲಿಗೆ ಹೆದರಿ ಶಾಲೆ ಬಿಟ್ಟರು? ಅವರ ಬಾಯಲ್ಲಿ ಮಗ್ಗಿ ಇದೆಯಾ? ನಮ್ಮ ದೊಡ್ಡಪ್ಪ ಹಾಗೆ ಬಿಟ್ಟವರು. ಬ್ಯಾಂಕಿನಲ್ಲಿ ಈಗಲೂ ಹೆಬ್ಬೆಟ್ಟು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಗುವನ್ನು ಹೊಡೆಯುವ ಹಾಗಿಲ್ಲ, ಮನಸ್ಸಿಗೆ ನೋವು ಮಾಡುವ ಹಾಗೂ ಇಲ್ಲ. ಶಾಲೆಗೆ ಬೇಡ ಅಂದಿದ್ದನ್ನು ನಾವು ಮನೆಯಲ್ಲಿ ಮಾಡುವುದಾ?

ಹಳೇಬೀಡು ಅಜ್ಜ
ಮಂಗಳವಾರ, ಬೆಳಿಗ್ಗೆ 9.45

ನಮ್ಮ ಕ್ಲಾಸಿನಲ್ಲಿ ಮೂವತ್ತು ಜನ ಇದ್ದೆವು. ಏಳನೇ ಕ್ಲಾಸ್ ದಾಟಿದವರು ಒಂಬತ್ತು. ಇದನ್ನು ನಾನು ಯಾವತ್ತೂ ಎಣಿಸಿ ನೋಡಿರಲಿಲ್ಲ ಮಗಳೇ.

ತಾಲ್ಲೂಕು ನರ್ಸ್
ಮಂಗಳವಾರ, ಮಧ್ಯಾಹ್ನ 1.30

ಎಲ್ಲರೂ ಓದಿಸುವ ಮಾತಾಡುತ್ತಿದ್ದೀರಿ. ಮೊದಲು ಕಣ್ಣು ತೋರಿಸಿ. ಟಿವಿ ಹತ್ತಿರ ಹೋಗಿ ಕೂರುತ್ತಾಳಾ? ಪುಸ್ತಕವನ್ನು ಮೂಗಿಗೆ ತಾಗಿಸಿಕೊಳ್ಳುತ್ತಾಳಾ? ಬೋರ್ಡ್ ಬಿಟ್ಟು ಪಕ್ಕದವಳ ನೋಟ್ ನೋಡಿ ಬರೆಯುತ್ತಾಳಾ? ಕಿವಿಯೂ ಅಷ್ಟೇ. ಪದೇ ಪದೇ ಶೀತ ಆಗಿ ಕಿವಿ ಸೋರುವ ಮಕ್ಕಳಿಗೆ ಸದ್ದು ಸರಿಯಾಗಿ ಕೇಳುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇದು ಜಾಸ್ತಿ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ, ಅಂಗನವಾಡಿಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ಮಕ್ಕಳನ್ನು ನೋಡುತ್ತದೆ. 2013ರಿಂದ ಇದೆ. ನಿಮ್ಮದು ಖಾಸಗಿ ಶಾಲೆ ಆದರೆ ತಾಲ್ಲೂಕು ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ. ಕಣ್ಣಿನ ಪರೀಕ್ಷೆಗೆ ಅರ್ಧ ಗಂಟೆ ಸಾಕು.

ನನ್ನ ಅಣ್ಣನ ಮಗನನ್ನು ಸೋಮಾರಿ ಅಂತ ಎರಡು ವರ್ಷ ಬೈದೆವು. ಕನ್ನಡಕ ಹಾಕಿದ ದಿನ ಮನೆ ಮುಂದೆ ನಿಂತು, 'ಅತ್ತೆ, ಸಿಲ್ವರ್ ಮರದಲ್ಲಿ ಎಲೆ ಬೇರೆ ಬೇರೆ ಕಾಣುತ್ತದೆ' ಅಂದ. ಅಲ್ಲಿಯವರೆಗೆ ಅವನಿಗೆ ಮರ ಅಂದರೆ ಒಂದು ಹಸಿರು ಗುಡ್ಡೆ.

ಬೇಲೂರು ರಸ್ತೆ
ಮಂಗಳವಾರ, ಮಧ್ಯಾಹ್ನ 2.05

ಮೇಡಂ, ಅಕ್ಷರ ಕೂಡಿಸಿ ಓದಲು ಕಷ್ಟ ಆಗುವ ಡಿಸ್ಲೆಕ್ಸಿಯಾ ಅಂತಾರಲ್ಲ, ಅದು ಇರಬಹುದಾ? ಯೂಟ್ಯೂಬ್‌ನಲ್ಲಿ ನೋಡಿ ಭಯ ಆಯಿತು.

ತಾಲ್ಲೂಕು ನರ್ಸ್
ಮಂಗಳವಾರ, ಮಧ್ಯಾಹ್ನ 2.20

ವಿಡಿಯೋ ನೋಡಿ ಹೆಸರು ಹಚ್ಚಬೇಡಿ. ಸರಿಯಾಗಿ ಹೇಳಿಕೊಡದೆ ಓದು ಬಾರದ ಮಕ್ಕಳೇ ಜಾಸ್ತಿ. ಮೇಷ್ಟ್ರು ಹೇಳಿದ ಹಾಗೆ ಕೆಲವು ತಿಂಗಳು ಬಿಡದೆ ಮಾಡಿ. ಆಮೇಲೂ ಎರಡು ಅಕ್ಷರ ಕೂಡಿಸಲು ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗಕ್ಕೆ ತೋರಿಸಿ. ಕಲಿಕೆಯ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಸೇರಿಸಿದ್ದಾರೆ. ಹಾಗಾಗಿ ಇದ್ದರೂ ಮುಚ್ಚಿಡುವ ವಿಷಯ ಅಲ್ಲ.

ಸಕಲೇಶಪುರ ಮಂಜು
ಮಂಗಳವಾರ, ಸಂಜೆ 5.40

ವಿಷಯ ಬೇರೆ, ಕ್ಷಮಿಸಿ. ನಾಳೆ ರಜೆ ಇದೆಯಾ ಯಾರಿಗಾದರೂ ಗೊತ್ತಾ? ಬೆಳಿಗ್ಗೆಯಿಂದ ಒಂದೇ ಸಮ ಹೊಯ್ಯುತ್ತಿದೆ. ಕರೆಂಟ್ ಇಲ್ಲ.

ಕಾಫಿ ಹೂ
ಮಂಗಳವಾರ, ಸಂಜೆ 5.52

ನಮ್ಮ ಕಡೆ ಇನ್ನೂ ಆದೇಶ ಬಂದಿಲ್ಲ. ರಾತ್ರಿ ಎಂಟಕ್ಕೆ ಬರಬಹುದು. ಹೋದ ಸಲ ಬೆಳಿಗ್ಗೆ ಮಕ್ಕಳು ಯೂನಿಫಾರ್ಮ್ ಹಾಕಿ ನಿಂತಮೇಲೆ ಬಂತು.

ಸಕಲೇಶಪುರ ಮಂಜು
ಮಂಗಳವಾರ, ಸಂಜೆ 6.01

ರಜೆ ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ. ಕೊಟ್ಟರೆ ಮಕ್ಕಳು ಇಡೀ ದಿನ ಮೊಬೈಲ್. ಕೊಡದಿದ್ದರೆ ಹಳ್ಳ ದಾಟಿಸಬೇಕು. ಮೇಲಿನ ತೋಟದಲ್ಲಿ ಆನೆ ಬೇರೆ ಇದೆ ಅಂತ ಮೆಸೇಜ್ ಬಂದಿದೆ.

ಕಡೂರು ಮೇಷ್ಟ್ರು
ಮಂಗಳವಾರ, ಸಂಜೆ 6.30

ಮಳೆ ರಜೆಯಲ್ಲಿ ಚೌಕಾಬಾರ ಆಡಿಸಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಬೈ ಐದು ಮನೆ ಹಾಕಿ. ನಾಲ್ಕು ಕವಡೆ ಸಾಕು. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಕಡೆ ಉಜ್ಜಿ ಬಿಳಿ ಮಾಡಿಕೊಳ್ಳಿ. ನಾಲ್ಕೂ ಮೇಲೆ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು ಮನೆ. 'ಅವನ ಕಾಯಿ ಕಡಿಯಲು ನನಗೆ ಎಷ್ಟು ಬೇಕು' ಅಂತ ಮಗು ಲೆಕ್ಕ ಹಾಕುತ್ತದಲ್ಲ, ಆ ಕೂಡಿಸುವುದು ಕಳೆಯುವುದನ್ನು ಪುಸ್ತಕದಲ್ಲಿ ಕೊಟ್ಟರೆ ಆಕಳಿಸುತ್ತದೆ.

ಬಸ್ ಕಂಡಕ್ಟರ್
ಮಂಗಳವಾರ, ರಾತ್ರಿ 10.15

ಈಗ ಡ್ಯೂಟಿ ಮುಗಿಯಿತು. ನಾನು ಹಾಸನ ಡಿಪೋ. ಆಲೂರಿನ ಅಕ್ಕನಿಗೆ ಒಂದು ಮಾತು. ನನ್ನ ಮಗ ಓದಲು ಕಲಿತದ್ದು ಬಸ್ ಬೋರ್ಡ್ ನೋಡಿ.

ಭಾನುವಾರ ಸ್ಟ್ಯಾಂಡಿಗೆ ಕರೆದುಕೊಂಡು ಬಂದು ಬೆಂಚಿನ ಮೇಲೆ ಕೂರಿಸುತ್ತಿದ್ದೆ. ನಮ್ಮ ಕಡೆಯ ಊರುಗಳ ಹೆಸರು ಗಮನಿಸಿ. ಹಾಸನ, ಆಲೂರು, ಬೇಲೂರು, ಕಡೂರು, ಮೂಡಿಗೆರೆ, ಸಕಲೇಶಪುರ, ಅರಕಲಗೂಡು. ಒಂದರಲ್ಲೂ ಒತ್ತಕ್ಷರ ಇಲ್ಲ! ಶುರು ಮಾಡುವವರಿಗೆ ಇದಕ್ಕಿಂತ ಸುಲಭದ ಪಾಠ ಬೇಕಾ? ಆಮೇಲೆ ಬೆಂಗಳೂರು, ಮಂಗಳೂರು. ಅದರಲ್ಲಿ ಸೊನ್ನೆ ಬಂತು. ಆಮೇಲೆ ಚಿಕ್ಕಮಗಳೂರು. ಅದರಲ್ಲಿ ಕ ಕೆಳಗೆ ಕ. ಚನ್ನರಾಯಪಟ್ಟಣದಲ್ಲಿ ಅಂಥವು ಎರಡು. ಕೊನೆಗೆ ಧರ್ಮಸ್ಥಳ. ಸುಬ್ರಹ್ಮಣ್ಯ ಬೋರ್ಡ್ ಓದಿದ ದಿನ ಅವನಿಗೆ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದೆ. ಅದಕ್ಕೆ ಎಂಟು ತಿಂಗಳು ಹಿಡಿಯಿತು ಅಕ್ಕ, ಒಂದು ವಾರದ ಕೆಲಸ ಅಲ್ಲ.

ಕಡೂರು ಮೇಷ್ಟ್ರು
ಮಂಗಳವಾರ, ರಾತ್ರಿ 10.25

ಭಲೇ! ಮೂವತ್ತು ವರ್ಷ ಪಾಠ ಮಾಡಿದೆ, ಇದು ನನಗೆ ಹೊಳೆದಿರಲಿಲ್ಲ. ಒತ್ತಕ್ಷರಕ್ಕೆ ಅಡುಗೆಮನೆ ಇನ್ನೂ ಒಳ್ಳೆಯದು. ಅಕ್ಕಿ, ಸಕ್ಕರೆ, ಉಪ್ಪು, ಬೆಲ್ಲ, ಎಣ್ಣೆ, ತುಪ್ಪ, ಬೆಣ್ಣೆ, ಹಿಟ್ಟು. ಎಲ್ಲವೂ ಅದೇ ಅಕ್ಷರದ ಕೆಳಗೆ ಅದೇ ಒತ್ತು. ಡಬ್ಬಿಗಳ ಮೇಲೆ ಚೀಟಿ ಅಂಟಿಸಿ. 'ಉಪ್ಪು ಕೊಡು' ಅಂತ ಕೇಳಿ, ಚೀಟಿ ನೋಡಿ ತಂದುಕೊಡಲಿ.

ಹೊಳೆನರಸೀಪುರದವನು
ಬುಧವಾರ, ಬೆಳಿಗ್ಗೆ 7.30

ಎಲ್ಲ ಸರಿ. ಆದರೆ ಶಾಲೆ ಇಂಗ್ಲಿಷ್ ಮೀಡಿಯಂ. ಪರೀಕ್ಷೆ ಇಂಗ್ಲಿಷಿನಲ್ಲಿ. ನೀವು ಅಕ್ಕಿ ಬೆಲ್ಲ ಓದಿಸುತ್ತಾ ಕೂತರೆ ಮಗು ಕ್ಲಾಸಿನಲ್ಲಿ ಹಿಂದೆ ಬೀಳುವುದಿಲ್ವಾ? ನಾಳೆ ಕೆಲಸ ಕೊಡುವವರು ಇಂಗ್ಲಿಷ್ ಕೇಳುತ್ತಾರೆ. ನಾನು ಕನ್ನಡ ಮೀಡಿಯಂನಲ್ಲಿ ಓದಿ ಇಂಟರ್‌ವ್ಯೂನಲ್ಲಿ ಬಾಯಿ ಬಾರದೆ ವಾಪಸ್ ಬಂದವನು. ಆ ನೋವಿನಿಂದಲೇ ಹೇಳುತ್ತಿದ್ದೇನೆ.

ಅರಸೀಕೆರೆ ತೆಂಗು
ಬುಧವಾರ, ಬೆಳಿಗ್ಗೆ 7.48

ಹಾಗಾದರೆ ಸರ್ಕಾರಿ ಶಾಲೆಗೆ ಸೇರಿಸಿ. 2007ರಿಂದ ಅಲ್ಲೂ 1ನೇ ಕ್ಲಾಸಿನಿಂದ ಇಂಗ್ಲಿಷ್ ಹೇಳಿಕೊಡುತ್ತಾರೆ. 2019ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮೀಡಿಯಂ ವಿಭಾಗವೂ ಇದೆ. ಬಿಸಿಯೂಟ ಇದೆ, ಪುಸ್ತಕ ಪುಕ್ಕಟೆ.

ಹೊಳೆನರಸೀಪುರದವನು
ಬುಧವಾರ, ಬೆಳಿಗ್ಗೆ 7.55

ನಿಮ್ಮ ಮಕ್ಕಳು ಯಾವ ಶಾಲೆ?

ಅರಸೀಕೆರೆ ತೆಂಗು
ಬುಧವಾರ, ಬೆಳಿಗ್ಗೆ 8.03

ಸರ್ಕಾರಿ ಶಾಲೆಯೇ ಸ್ವಾಮಿ, ಇಬ್ಬರೂ. ನಾನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ, ಸದಸ್ಯ. ಬಂದು ನೋಡಿ.

ಕಾಫಿ ಹೂ
ಬುಧವಾರ, ಬೆಳಿಗ್ಗೆ 8.20

ಮೀಡಿಯಂ ಜಗಳ ಇಲ್ಲಿ ಬೇಡ. ಯಾವ ಮೀಡಿಯಂಗೆ ಸೇರಿಸಬೇಕು ಅನ್ನುವುದು ತಂದೆ ತಾಯಿಗೆ ಬಿಟ್ಟಿದ್ದು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿ ಆಗಿದೆ. ಅಕ್ಕ ಕೇಳಿದ್ದು ಮನೆಯಲ್ಲಿ ಏನು ಮಾಡಬೇಕು ಅಂತ.

ಇನ್ನೊಂದು ಕೇಳಬೇಕು. ಎರಡು ದಿನದಿಂದ ಎಲ್ಲರೂ ಅಕ್ಕನಿಗೇ ಕೆಲಸ ಹೇಳುತ್ತಿದ್ದೀರಿ. ಹಾಲು ಕರೆಯುವುದು ಅವರು, ಅಡುಗೆ ಅವರು, ಚೀಟಿ ಅಂಟಿಸುವುದೂ ಅವರೇ. ಅಪ್ಪಂದಿರ ಪಾಲು ಎಲ್ಲಿ?

ಬಸ್ ಕಂಡಕ್ಟರ್
ಬುಧವಾರ, ಮಧ್ಯಾಹ್ನ 12.40

ಸರಿಯಾದ ಮಾತು. ರಾತ್ರಿ ಒಂಬತ್ತಕ್ಕೆ ಬರುವ ಅಪ್ಪ ರಾತ್ರಿ ಓದಿಸಲು ಆಗುವುದಿಲ್ಲ. ಬೆಳಿಗ್ಗೆ ಆಗುತ್ತದೆ. ಗೂಡ್ಸ್ ಆಟೊ ಅಂದಿರಲ್ಲ? ನಿನ್ನೆ ಎಲ್ಲಿಗೆ ಹೋಗಿದ್ದೆ, ಎಷ್ಟು ಮೂಟೆ, ಎಷ್ಟು ಬಾಡಿಗೆ, ಡೀಸೆಲ್‌ಗೆ ಎಷ್ಟು ಹೋಯಿತು. ತಿಂಡಿ ತಿನ್ನುವಾಗ ಮಗಳಿಗೆ ಹೇಳಲಿ. ಒಂದು ನೋಟ್ ಪುಸ್ತಕದಲ್ಲಿ ಅವಳೇ ಬರೆದಿಡಲಿ. ಹತ್ತು ನಿಮಿಷ.

ಆಲೂರಿನ ಅಮ್ಮ
ಬುಧವಾರ, ರಾತ್ರಿ 9.30

ಎಲ್ಲರಿಗೂ ಉತ್ತರ ಕೊಡಲು ಆಗಲಿಲ್ಲ, ಕರೆಂಟ್ ಇರಲಿಲ್ಲ. ಕಣ್ಣು ತೋರಿಸಿದೆ, ಚೆನ್ನಾಗಿದೆ ಅಂದರು. ಮನಸ್ಸು ಹಗುರ ಆಯಿತು ನರ್ಸ್ ಮೇಡಂ.

ಮೇಷ್ಟ್ರೇ, ಐದು ಚೀಟಿ ಮಾಡಿದೆ. ಮೊದಲು ಅವಳ ಕೈ ಹಿಡಿದು, ಹೋದ ವಾರ ಹೊಡೆದದ್ದು ತಪ್ಪಾಯಿತು ಅಂದೆ. 'ನಂಗೆ ಓದಕ್ಕೆ ಬರಲ್ಲ ಅಂತ ನಂಗೆ ಗೊತ್ತಿತ್ತಮ್ಮ, ನಿಂಗೆ ಹೇಳಕ್ಕೆ ಭಯ ಆಗ್ತಿತ್ತು' ಅಂದಳು. ಏಳು ವರ್ಷದ ಮಗು ಇದನ್ನು ಒಳಗೇ ಇಟ್ಟುಕೊಂಡು ಒಂದು ವರ್ಷ ಶಾಲೆಗೆ ಹೋಗಿ ಬಂದಿದೆ.

'ಸರ' ಓದಿದಳು. 'ರಸ' ಓದಿದಳು. ಗರಗಸದಲ್ಲಿ ಗ ಎರಡು ಸಲ ಬರುತ್ತದೆ, ಚೀಟಿ ಒಂದೇ ಇದೆಯಲ್ಲ ಅಂತ ಅವಳೇ ಕೇಳಿ ಇನ್ನೊಂದು ಚೀಟಿ ಬರೆದಳು.

ಹೋಮ್‌ವರ್ಕ್ ಏನು ಮಾಡಲಿ? ದಿನಾ ಎರಡು ಪುಟ ಇಂಗ್ಲಿಷ್ ಬರೆಯಲು ಕೊಡುತ್ತಾರೆ. ಅದಕ್ಕೇ ಒಂದೂವರೆ ಗಂಟೆ ಹೋಗುತ್ತದೆ.

ಕಡೂರು ಮೇಷ್ಟ್ರು
ಬುಧವಾರ, ರಾತ್ರಿ 9.48

ಟೀಚರನ್ನು ನೇರ ಹೋಗಿ ಕಾಣಿ ತಾಯಿ. ದೂರು ಹೇಳಲು ಹೋಗಬೇಡಿ. ನೀವು ನೋಡಿದ್ದನ್ನು ಹೇಳಿ. ಬೆಕ್ಕು ನೋಡುತ್ತಾ ಓದಿದ್ದು, ಬೆರಳಿಟ್ಟಾಗ ತಪ್ಪಿದ್ದು. ನಲವತ್ತು ಮಕ್ಕಳ ನಡುವೆ ಅವರಿಗೆ ಅದು ಕಾಣುವುದಿಲ್ಲ. ಎರಡು ಪುಟದ ಬದಲು ನಾಲ್ಕು ಸಾಲು ಬರೆಸುತ್ತೇನೆ, ಆ ನಾಲ್ಕು ಸಾಲನ್ನು ಅವಳೇ ಓದುವ ಹಾಗೆ ಮಾಡುತ್ತೇನೆ, ಮೂರು ತಿಂಗಳು ಅವಕಾಶ ಕೊಡಿ ಅಂತ ಕೇಳಿ. ಮಗುವಿನ ಬಗ್ಗೆ ಹೀಗೆ ಗೊತ್ತಿರುವ ತಾಯಿಗೆ ಇಲ್ಲ ಅನ್ನುವ ಟೀಚರ್ ಕಡಿಮೆ.

ಬೇಲೂರು ರಸ್ತೆ
ಬುಧವಾರ, ರಾತ್ರಿ 10.02

ಮೊಬೈಲ್‌ನಲ್ಲಿ ಒಳ್ಳೆಯದು ಏನಾದರೂ ಇದೆಯಾ? ಹೇಗಿದ್ದರೂ ಬಿಡುವುದಿಲ್ಲ.

ಅರಸೀಕೆರೆ ತೆಂಗು
ಬುಧವಾರ, ರಾತ್ರಿ 10.20

ಸ್ಟೋರಿವೀವರ್ ಅಂತ ಇದೆ, ಪ್ರಥಮ್ ಬುಕ್ಸ್‌ನವರದು. ಕನ್ನಡದ ಮಕ್ಕಳ ಕತೆ ಪುಕ್ಕಟೆ ಓದಬಹುದು, ಹಂತ ಹಂತ ಮಾಡಿ ಇಟ್ಟಿದ್ದಾರೆ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ದರೆ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಆದರೆ ಮೊಬೈಲ್ ನಿಮ್ಮ ಕೈಯಲ್ಲಿರಲಿ, ಮಗು ಪಕ್ಕದಲ್ಲಿರಲಿ. ಕೈಗೆ ಕೊಟ್ಟರೆ ಎರಡನೇ ಕತೆಗೇ ರೀಲ್ಸ್‌ಗೆ ಹೋಗುತ್ತಾರೆ.

ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕೂ ಹೋಗಿ. ಈಗ ಅರಿವು ಕೇಂದ್ರ ಅಂತ ಬೋರ್ಡ್ ಇರುತ್ತದೆ. 2020ರಲ್ಲಿ 'ಓದುವ ಬೆಳಕು' ಅಂತ ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ನಮ್ಮೂರಿನಲ್ಲಿ ಮಕ್ಕಳ ಪುಸ್ತಕ ಕಪಾಟಿನಲ್ಲಿ ಹಾಗೇ ಹೊಸದಾಗಿ ಕೂತಿದ್ದವು. ಕೇಳುವವರು ಹೋದಮೇಲೆ ಹೊರಗೆ ಬಂದವು.

ಲೈನ್ ಮನೆ
ಗುರುವಾರ, ರಾತ್ರಿ 8.15

ಇದನ್ನು ಬರೆಯುತ್ತಿರುವುದು ನಾನಲ್ಲ, ಪಕ್ಕದ ಮನೆ ಹುಡುಗಿ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ನನಗೆ ಓದು ಬರಹ ಇಲ್ಲ. ಮೂಡಿಗೆರೆ ತಾಲ್ಲೂಕಿನ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲು ಮನೆಯಲ್ಲಿ ಇದ್ದೇವೆ. ನಿಮ್ಮ ಮಾತನ್ನೆಲ್ಲ ಅವಳು ಓದಿ ಹೇಳಿದಳು.

ನನ್ನ ಮಗ ಸರ್ಕಾರಿ ಶಾಲೆಯಲ್ಲಿ 5ನೇ ಕ್ಲಾಸ್. ತೋಟದಿಂದ ಬಂದು ಸೊಪ್ಪು ಬಿಡಿಸುವಾಗ ಅವನು ನನಗೆ ಓದಿ ಹೇಳಬೇಕು. ಸರಿಯೋ ತಪ್ಪೋ ನನಗೆ ಗೊತ್ತಾಗುವುದಿಲ್ಲ. ಆದರೆ ಎಲ್ಲಿ ನಿಲ್ಲುತ್ತಾನೆ ಅಂತ ಕಿವಿಗೆ ಗೊತ್ತಾಗುತ್ತದೆ. ತೊಡರಿದ ಪದದ ಮೇಲೆ ಒಂದು ಹುಣಸೆ ಬೀಜ ಇಡು ಅನ್ನುತ್ತೇನೆ. ಓದು ಮುಗಿದಮೇಲೆ ಬೀಜ ಎಣಿಸುತ್ತೇವೆ. ಆ ಪದಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಬೆಳಿಗ್ಗೆ ಮೇಡಂ ಹತ್ತಿರ ಕೇಳಿಕೊಂಡು ಬರುತ್ತಾನೆ. ರಾತ್ರಿ ಅದೇ ಪಾಠ ಇನ್ನೊಂದು ಸಲ. ಬೀಜ ಕಡಿಮೆ ಆಗುತ್ತದೆ. ಒಂದೂ ಬೀಜ ಇಲ್ಲದಿದ್ದರೆ ಹೊಸ ಪಾಠ.

ಓದಿದಮೇಲೆ ಕತೆ ಏನು ಅಂತ ನನಗೆ ಹೇಳಬೇಕು. ನನಗೆ ತಿಳಿಯುವ ಹಾಗೆ ಹೇಳದಿದ್ದರೆ ಅವನಿಗೂ ತಿಳಿದಿಲ್ಲ ಅಂತ ಲೆಕ್ಕ.

ಓದಿದ ತಾಯಿಯರು ಮಧ್ಯೆ ಮಧ್ಯೆ ತಿದ್ದುತ್ತೀರಿ. ನನಗೆ ತಿದ್ದಲು ಬರುವುದಿಲ್ಲ. ಅದಕ್ಕೇ ಅವನು ಪೂರ್ತಿ ಓದುತ್ತಾನೆ ಅಂತ ಮೇಡಂ ಹೇಳಿದರು.

ಹೊಳೆನರಸೀಪುರದವನು
ಗುರುವಾರ, ರಾತ್ರಿ 8.40

ಅಮ್ಮ, ನಾನು ಈ ಚರ್ಚೆಯ ಶುರುವಿನಲ್ಲಿ, ಬಾರದವರು ಹೇಳಿಕೊಡಬಾರದು ಅಂತ ಬರೆದಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಇವತ್ತು ನನ್ನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದದೆ ಕೇಳಿದೆ. ಐದು ಸಲ ನಾಲಿಗೆ ಕಚ್ಚಿಕೊಳ್ಳಬೇಕಾಯಿತು.

ಕಡೂರು ಮೇಷ್ಟ್ರು
ಗುರುವಾರ, ರಾತ್ರಿ 8.55

ಆ ತಾಯಿಗೆ ನನ್ನ ನಮಸ್ಕಾರ ತಿಳಿಸಮ್ಮ, ಬರೆಯುತ್ತಿರುವ ಹುಡುಗಿ.

ತಿದ್ದುವವರಿಗೆ ಒಂದು ಅಳತೆ ಹೇಳುತ್ತೇನೆ. ಮಗು ನಿಂತಾಗ ಮನಸ್ಸಿನಲ್ಲೇ ಐದು ಎಣಿಸಿ. ಅಷ್ಟರಲ್ಲಿ ಎಷ್ಟೋ ಸಲ ತಾನೇ ದಾಟುತ್ತದೆ. ದಾಟದಿದ್ದರೆ ಮೊದಲ ಅಕ್ಷರ ಮಾತ್ರ ಹೇಳಿ.

ಸಕಲೇಶಪುರ ಮಂಜು
ಶುಕ್ರವಾರ, ಬೆಳಿಗ್ಗೆ 11.10

ನನ್ನ ಮಗ ದೊಡ್ಡವನು, ಎಸ್ಸೆಸ್ಸೆಲ್ಸಿ. ಪರೀಕ್ಷೆ 1ರಲ್ಲಿ ಗಣಿತ ಹೋಯಿತು. ನಮ್ಮ ಹಾಸನ 2019ರಲ್ಲಿ ರಾಜ್ಯಕ್ಕೇ ಮೊದಲು ಬಂದಿದ್ದ ಜಿಲ್ಲೆ, ನೆಂಟರೆಲ್ಲ ಫೋನ್ ಮಾಡಿ ಕೇಳುತ್ತಾರೆ. ನಾನು ಒಂದು ವಾರ ಅವನ ಹತ್ತಿರ ಮಾತಾಡಲಿಲ್ಲ. ಅದು ನಾನು ಮಾಡಿದ ದೊಡ್ಡ ತಪ್ಪು. ಆಮೇಲೆ ಹೆಡ್ ಮೇಡಂ ಕರೆದು ಹೇಳಿದರು, 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಯಾವುದರಲ್ಲಿ ಜಾಸ್ತಿ ಬರುತ್ತದೋ ಅದೇ ಉಳಿಯುತ್ತದೆ, ವರ್ಷ ಹಾಳಾಗುವುದಿಲ್ಲ ಅಂತ.

ನನಗೆ ಹತ್ತನೇ ಕ್ಲಾಸ್ ಗಣಿತ ಬರುವುದಿಲ್ಲ. ಅವನು ಹಳೇ ಪ್ರಶ್ನೆಪತ್ರಿಕೆ ಹಿಡಿದು ಕೂತಾಗ ನಾನೂ ಅದೇ ಮೇಜಿನ ಮೇಲೆ ಮೆಣಸಿನ ಲೆಕ್ಕ, ಆಳಿನ ಲೆಕ್ಕ ಬರೆಯುತ್ತಾ ಕೂತೆ. ಇಬ್ಬರ ಮೊಬೈಲೂ ಅಡುಗೆಮನೆಯಲ್ಲಿ. ಪರೀಕ್ಷೆ 2ರಲ್ಲಿ ಪಾಸ್ ಆದ. ಚಿಕ್ಕ ಮಕ್ಕಳ ಚರ್ಚೆಯಲ್ಲಿ ಇದು ಬೇಕೋ ಬೇಡವೋ ಗೊತ್ತಿಲ್ಲ, ಹೇಳಬೇಕು ಅನ್ನಿಸಿತು.

ಹಳೇಬೀಡು ಅಜ್ಜ
ಶುಕ್ರವಾರ, ಸಂಜೆ 4.30

ಬೇಕಪ್ಪ. ನಾನೂ ನಿನ್ನೆಯಿಂದ ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದೇನೆ. ಜಗಲಿ ಮೇಲೆ ಅಡಿಕೆ ಸಾಲು ಜೋಡಿಸಿ. ಮೂರು ಮೂರರಂತೆ ನಾಲ್ಕು ಸಾಲು. ಅದನ್ನು ಅಡ್ಡ ತಿರುಗಿಸಿ ನೋಡಿ, 'ತಾತ, ಇದು ನಾಲ್ಕು ಮೂರಲೂ ಆಯ್ತು' ಅಂದಳು. ಅರವತ್ತು ವರ್ಷ ಮಗ್ಗಿ ಹೇಳಿದವನಿಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಆಲೂರಿನ ಅಮ್ಮ
ಭಾನುವಾರ, ರಾತ್ರಿ 9.15

ಟೀಚರನ್ನು ಕಂಡೆ. ಹೋಮ್‌ವರ್ಕ್ ನಾಲ್ಕು ಸಾಲು ಸಾಕು ಅಂದರು. ಬೆಕ್ಕಿನ ವಿಷಯ ಹೇಳಿದಾಗ ಅವರೂ ಸುಮ್ಮನೆ ಸ್ವಲ್ಪ ಹೊತ್ತು ಕೂತರು. ಇನ್ನೂ ಯಾರು ಯಾರು ಹೀಗೆ ಅಂತ ನೋಡುತ್ತೇನೆ ಅಂದರು.

ಇವರು ಬೆಳಿಗ್ಗೆ ಬಾಡಿಗೆ ಲೆಕ್ಕ ಬರೆಸುತ್ತಿದ್ದಾರೆ. ನಾನು ಹಾಲಿನ ಲೆಕ್ಕ. ಬೆಳಿಗ್ಗೆ 4 ಲೀಟರ್, ಸಂಜೆ 3. ಡೈರಿ ಪುಸ್ತಕ ಅವಳ ಚೀಲದಲ್ಲೇ ಇರುತ್ತದೆ ಈಗ.

ಮೇಷ್ಟ್ರೇ, ಜ ವ ಮ ಬ ನ ಮುಗಿಯಿತು. 'ಮರ' ಬಂತು. ಇವತ್ತು ಕನ್ನಡ ಪುಸ್ತಕದ ಒಂದು ಪುಟಕ್ಕೆ ಹನ್ನೊಂದು ಹುಣಸೆ ಬೀಜ. ನಿನ್ನೆ ಹದಿನಾಲ್ಕು ಇತ್ತು. ಬೀಜ ಹಾಕಲು ಅವಳೇ ಒಂದು ಕೊಬ್ಬರಿ ಚಿಪ್ಪು ಇಟ್ಟುಕೊಂಡಿದ್ದಾಳೆ.

ಕಂಡಕ್ಟರ್ ಅಣ್ಣ, ಮುಂದಿನ ಭಾನುವಾರ ಹಾಸನಕ್ಕೆ ಕರೆದುಕೊಂಡು ಬರುತ್ತಿದ್ದೇವೆ. ಬೋರ್ಡ್ ಓದಲು ಯಾವ ಪ್ಲಾಟ್‌ಫಾರಂ ಹತ್ತಿರ ಕೂರುವುದು ಒಳ್ಳೆಯದು?

ಬಸ್ ಕಂಡಕ್ಟರ್
ಭಾನುವಾರ, ರಾತ್ರಿ 10.40

ಒಂದೇ ಕಡೆ ಕೂರಬೇಡಿ ಅಕ್ಕ. ಮೊದಲು ನಿಮ್ಮೂರಿನ ಬಸ್ ನಿಲ್ಲುವ ಕಡೆ ನಿಲ್ಲಿ. 'ಆಲೂರು' ಅವಳೇ ಮೊದಲು ಹುಡುಕಲಿ. ಹತ್ತು ಗಂಟೆಯ ಮೇಲೆ ಬನ್ನಿ, ಬೆಳಗಿನ ರಶ್ ಕಡಿಮೆ ಆಗಿರುತ್ತದೆ. ನನಗೆ ಆ ದಿನ ಎರಡನೇ ಶಿಫ್ಟ್, ಸ್ಟ್ಯಾಂಡಿನಲ್ಲೇ ಇರುತ್ತೇನೆ.